ಸಿದ್ದಮ್ಮನ ಸುಣ್ಣ

ಸಿದ್ದಮ್ಮಕ್ಕ, ನಿಮ್ಮ ಹೆಸರಿಟ್ಟು ಕರೆಯುವ ಆ ಬಿಳಿ ಹುಳವನ್ನು ಊರಿಗೆ ತಂದವರು ನೀವಲ್ಲ. ತಂದವನು ನಾನು. ಗೊತ್ತಿಲ್ಲದೆ ತಂದೆ ಎಂದು ಹೇಳಿಕೊಳ್ಳುವ ಹಾಗೂ ಇಲ್ಲ — ಅಂಥದ್ದು ಈ ದೇಶದೊಳಕ್ಕೆ ಬರದ ಹಾಗೆ ನೋಡಿಕೊಳ್ಳುವುದೇ ನನ್ನ ನೌಕರಿಯಾಗಿತ್ತು.

ಇಷ್ಟು ಬರೆದು ಪೆನ್ನು ಕೆಳಗಿಟ್ಟೆ. ಎದ್ದು ಹೋಗಿ ಬೀದಿ ಬಾಗಿಲಿಗೆ ಚಿಲಕ ಹಾಕಿ ಬಂದೆ. ಬೆಳಗಿನ ಹನ್ನೊಂದು ಗಂಟೆ. ಮಾಗಡಿಯ ಈ ಮನೆಗೆ ಪೇಪರಿನವನು ಬಿಟ್ಟರೆ ಬರುವವರಿಲ್ಲ. ಆದರೂ ಹಾಕಿದೆ. ಇಷ್ಟು ವರ್ಷ ನಾನು ಬದುಕಿರುವುದೇ ಹೀಗೆ — ಯಾರಾದರೂ ಬಾಗಿಲು ತಟ್ಟಿದರೆ ಮೊದಲು ಎದೆ ಧಸಕ್ಕೆನ್ನುತ್ತದೆ, ಆಮೇಲೆ ಯಾರು ಎಂದು ಕೇಳುತ್ತೇನೆ. ಹೆಂಡತಿ ಇದ್ದಾಗ, ನಿಮಗೆ ರಕ್ತದೊತ್ತಡ, ತೋರಿಸಿಕೊಳ್ಳಿ ಎನ್ನುತ್ತಿದ್ದಳು. ತೋರಿಸಿಕೊಂಡೆ. ರಕ್ತದೊತ್ತಡ ಸರಿಯಾಗಿಯೇ ಇತ್ತು.

ಇದನ್ನು ನೀವೊಬ್ಬರೇ ಅಲ್ಲ, ಊರಿನವರೆಲ್ಲ ಕೇಳಬೇಕು. ಅವರಲ್ಲಿ ಆ ಕಾಲ ನೋಡದವರೂ ಇರುತ್ತಾರೆ. ಅದಕ್ಕೆ ನಿಮಗೆ ಗೊತ್ತಿರುವುದನ್ನೂ ಸೇರಿಸಿ ಬರೆಯುತ್ತೇನೆ. ಬೇಸರ ಮಾಡಿಕೊಳ್ಳಬೇಡಿ.

ಆಗ ರೇಷ್ಮೆಗೆ ಒಳ್ಳೆಯ ಕಾಲ. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಗೂಡು ಸುರಿಯುವುದಕ್ಕೆ ಜಾಗ ಸಿಗುತ್ತಿರಲಿಲ್ಲ. ರಾಗಿ ಹಾಕುತ್ತಿದ್ದವರು, ಕುರಿಯ ಹಿಂದೆ ಹೋಗುತ್ತಿದ್ದವರು, ಕೊನೆಗೆ ಮೇಷ್ಟರು ಕೂಡ ಹಿಪ್ಪುನೇರಳೆ ಹಾಕಿದರು. ಹಿಪ್ಪುನೇರಳೆಗೆ ಸಸಿ ಬೇಕು. ಗುಡೇಮಾರನಹಳ್ಳಿಯಿಂದ ಆಚೆಗೆ ನಮ್ಮ ಸೀಮೆಯಲ್ಲಿ ಸಸಿ ಎಂದರೆ ಸಿದ್ದಮ್ಮ. ಕುರಿಹಟ್ಟಿಯ ಪಕ್ಕದ ಹತ್ತು ಗುಂಟೆಯಲ್ಲಿ ನೀವು ಕಡ್ಡಿ ಕತ್ತರಿಸಿ, ಕುರಿಗೊಬ್ಬರ ಹಾಕಿದ ಮಡಿಯಲ್ಲಿ ನೆಟ್ಟು, ನಾಲ್ಕು ತಿಂಗಳು ಸಾಕಿ ಕೊಡುತ್ತಿದ್ದಿರಿ. ಕನಕಪುರದ ಕಡೆಯಿಂದ, ಚನ್ನಪಟ್ಟಣದಿಂದ, ಬೈರಮಂಗಲದ ಕೆರೆ ಬಯಲಿನಿಂದ ಟೆಂಪೋಗಳು ಬರುತ್ತಿದ್ದವು. ಎಷ್ಟೋ ಜನ ಸಸಿಯ ಜೊತೆ ನಿಮ್ಮನ್ನೂ ಕೂರಿಸಿಕೊಂಡು ಹೋಗುತ್ತಿದ್ದರು — ಮೊದಲ ಸಸಿಯನ್ನು ನಿಮ್ಮ ಕೈಯಲ್ಲೇ ನೆಡಿಸಬೇಕು, ಸಿದ್ದಮ್ಮನ ಕೈಗುಣ ಅಂಥದ್ದು ಎಂದು. ರೇಷ್ಮೆ ಹುಳು ಸಾಕುವ ಮನೆಯೊಳಕ್ಕೆ ಬೀಗರನ್ನೂ ಬಿಡದ ಜನ ನಿಮ್ಮನ್ನು ಬಾಗಿಲಲ್ಲಿ ತಡೆದು, "ಒಸಿ ಒಳೀಕ್ ಬಂದು ತಟ್ಟೆ ಮುಟ್ಟೋಗವ್ವ" ಎಂದು ಕರೆಯುತ್ತಿದ್ದರು. ನೀವು ಕೈ ತೊಳೆದುಕೊಂಡು, ಸೆರಗಿನಲ್ಲಿ ಒರೆಸಿಕೊಂಡು ಒಳಗೆ ಹೋಗುತ್ತಿದ್ದುದನ್ನು ನಾನೇ ನೋಡಿದ್ದೇನೆ. ಆ ಹೊತ್ತಿನಲ್ಲಿ ನಿಮ್ಮ ಮುಖದಲ್ಲಿ ಒಂದು ಸಣ್ಣ ಬಿಂಕ ಇರುತ್ತಿತ್ತು. ಚೆನ್ನಾಗಿರುತ್ತಿತ್ತು.

ಊರಲ್ಲೇ ಕೊಟ್ಟಿದ್ದ ನನ್ನ ತಂಗಿ ಗಿರಿಜೆಯ ಮನೆಯ ಹಿತ್ತಲು ನಿಮ್ಮ ಸಸಿ ಮಡಿಗೆ ತಾಗಿಕೊಂಡೇ ಇದೆ. ನಡುವೆ ಒಂದು ದಾಸವಾಳದ ಬೇಲಿ ಇತ್ತು. ಬೇಲಿಯ ಈಚೆಗೆ ಅವರ ತಿಪ್ಪೆ.

ನಾನು ದೂರದ ಒಂದು ಬಂದರಿನಲ್ಲಿದ್ದೆ. ಹೊರದೇಶದಿಂದ ಹಡಗಿನಲ್ಲಿ ಬರುವ ಹಣ್ಣು, ಬೀಜ, ಗಿಡಗಳನ್ನು ತಪಾಸಣೆ ಮಾಡುವ ಕಚೇರಿ. ಪೆಟ್ಟಿಗೆ ಒಡೆಸಿ, ಹತ್ತಕ್ಕೊಂದು ಹಣ್ಣು ಎತ್ತಿ, ತೊಟ್ಟಿನ ಸುತ್ತ, ಸಿಪ್ಪೆಯ ಸಂದಿನಲ್ಲಿ ಭೂತಗನ್ನಡಿ ಹಿಡಿದು ಹುಡುಕುವುದು ನನ್ನ ಕೆಲಸ. ಜೀವಂತ ಹುಳು ಒಂದೇ ಒಂದು ಸಿಕ್ಕರೂ ಇಡೀ ಮಾಲು ತಡೆಯಬೇಕು. ಸಾಹೇಬರು ಬರೆದುಕೊಟ್ಟರೆ ಕಚೇರಿಯ ಹಿಂದಿನ ಇಟ್ಟಿಗೆ ಒಲೆಯಲ್ಲಿ ಸುಡಬೇಕು. ಸುಡುವಾಗ ಇಬ್ಬರು ನಿಂತು ನೋಡಿ ರುಜು ಹಾಕಬೇಕು. ವ್ಯಾಪಾರಿಗಳು ಬೈಯುತ್ತಿದ್ದರು — ಒಂದು ಹುಳಕ್ಕೆ ಒಂದು ಲೋಡು ಹಣ್ಣು ಸುಡುತ್ತೀರಲ್ಲ, ನಿಮ್ಮ ಹೊಟ್ಟೆ ತಣ್ಣಗಿರುತ್ತಾ ಎಂದು. ನಾನು ಅವರಿಗೆ ಉಪದೇಶ ಮಾಡುತ್ತಿದ್ದೆ. ಅದರ ದೇಶದಲ್ಲಿ ಅದನ್ನು ತಿನ್ನುವ ಇನ್ನೊಂದು ಹುಳು ಇರುತ್ತದಯ್ಯ, ನಮ್ಮಲ್ಲಿ ಅದನ್ನು ಕೇಳುವವರಿಲ್ಲ, ಬಂತೋ ಮುಗಿಯಿತು — ಹೀಗೆಲ್ಲ. ತುಂಬ ಚೆನ್ನಾಗಿ ಹೇಳುತ್ತಿದ್ದೆ.

ಗಿರಿಜೆಯ ದೊಡ್ಡ ಮಗಳು ಮೈನೆರೆದಳು. ಒಸಗೆಗೆ ಸೋದರಮಾವ ಬರಬೇಕು, ಹಸಿರು ಗುಡ್ಲು ಕಟ್ಟಬೇಕು, ಹಣ್ಣಿನ ತಟ್ಟೆ ತರಬೇಕು. ತಟ್ಟೆಯಲ್ಲಿ ಏನಿದೆ ಎಂದು ಹೆಂಗಸರು ಇಣುಕಿ ನೋಡುತ್ತಾರೆ. ಆಮೇಲೆ ವರ್ಷಗಟ್ಟಲೆ ಅದರ ಮಾತಾಡುತ್ತಾರೆ. ಬಾಳೆಹಣ್ಣು, ಸೇಬು ಎಲ್ಲರೂ ತರುತ್ತಾರೆ. ಹಣ್ಣಿನ ಆಫೀಸಿನಲ್ಲಿರುವವನು ಏನು ತರುತ್ತಾನೋ ನೋಡೋಣ ಎಂದು ಭಾವನ ಕಡೆಯವರು ಆಡಿಕೊಂಡಿದ್ದು ನನ್ನ ಕಿವಿಗೆ ಬಿದ್ದಿತ್ತು. ಅದೇ ವಾರ ಪೂರ್ವದ ಕಡೆಯ ದೇಶದಿಂದ ಒಂದು ಮಾಲು ಬಂತು. ಸೀತಾಫಲದ ಜಾತಿಯದೇ ಹಣ್ಣು, ನಮ್ಮದರ ಮೂರರಷ್ಟು ದಪ್ಪ, ಒಂದೊಂದೂ ಮಗುವಿನ ತಲೆಯಷ್ಟು. ಸಿಪ್ಪೆಯ ಸಂದುಗಳಲ್ಲಿ ಬಿಳಿ ಹಿಟ್ಟು ಮೆತ್ತಿದಂತಿತ್ತು. ಭೂತಗನ್ನಡಿ ಹಿಡಿದೆ. ಹಿಟ್ಟು ನಡೆಯುತ್ತಿತ್ತು.

ಹಿಟ್ಟು ತಿಗಣೆ ಎನ್ನುತ್ತಾರೆ ಅದಕ್ಕೆ. ಹುಳು ಸಿಕ್ಕಿದೆ ಎಂದು ಬರೆದವನು ನಾನೇ. ಸುಡುವ ಆದೇಶ ಬಂತು. ಒಲೆಯ ಮುಂದೆ ನಿಂತವರಲ್ಲಿ ಒಬ್ಬ ನಾನು. ಇನ್ನೊಬ್ಬ ಸಹೋದ್ಯೋಗಿ ಹೊಗೆಗೆ ಕಣ್ಣುರಿ ಎಂದು ಆಚೆ ಹೋದ. ನೀವಿದ್ದೀರಲ್ಲ ಸಾರ್, ಸಾಕು ಎಂದ. ನಾನು ಹನ್ನೆರಡು ಹಣ್ಣನ್ನು ಚೀಲಕ್ಕೆ ಹಾಕಿಕೊಂಡೆ.

ಸೋಪಿನ ನೀರಿನಲ್ಲಿ ತೊಳೆದೆ, ಹಲ್ಲುಜ್ಜುವ ಬ್ರಷ್ಷಿನಿಂದ ಸಂದುಗಳನ್ನು ತಿಕ್ಕಿದೆ, ಬಟ್ಟೆಯಲ್ಲಿ ಒರೆಸಿದೆ. ಕಿಟಕಿಯ ಬೆಳಕಿಗೆ ಹಿಡಿದು ಒಂದೊಂದನ್ನೂ ನೋಡಿದೆ. ಒಂದೂ ಕಾಣಲಿಲ್ಲ. ಕಾಣಲಿಲ್ಲ ಎಂದರೆ ಇಲ್ಲ ಎಂದಲ್ಲ, ಮೊಟ್ಟೆ ಎಲ್ಲಿ ಅಡಗಿರುತ್ತದೋ ಯಾರಿಗೂ ಗೊತ್ತಾಗುವುದಿಲ್ಲ ಎಂದು ಹೊಸದಾಗಿ ಸೇರಿದವರಿಗೆ ಪಾಠ ಹೇಳುತ್ತಿದ್ದವನೂ ನಾನೇ. ಬಸ್ಸಿನಲ್ಲಿ ಆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ. ಒಂದು ಕಡೆ ತಟ್ಟೆ ನೋಡಿ ಜನ ಬೆರಗಾಗುತ್ತಾರೆ ಎಂಬ ಖುಷಿ. ಇನ್ನೊಂದು ಕಡೆ... ಇಲ್ಲ, ಆಗ ಇನ್ನೊಂದು ಕಡೆ ಏನೂ ಇರಲಿಲ್ಲ. ಭಯ ಆಗಲೇ ಇತ್ತು ಎಂದು ಬರೆದರೆ ನನಗೆ ಸಮಾಧಾನವಾದೀತು. ಆದರೆ ಅದು ನಿಜವಲ್ಲ.

ಒಸಗೆಯಲ್ಲಿ ನೀವೇ ಸೋಬಾನೆ ಎತ್ತಿಕೊಟ್ಟಿರಿ. ಊರಿನ ಯಜಮಾನರು ಚನ್ನೀರಪ್ಪನವರು ಹಣ್ಣನ್ನು ಅಂಗೈಯಲ್ಲಿ ತೂಗಿ, "ಏನ್ಲಾ ಇದು, ಸೀತಾಫಲಕ್ಕೆ ಆನೆಕಾಲ್ ಬಂದಂಗೈತೆ!" ಎಂದರು. ಎಲ್ಲರೂ ನಕ್ಕರು. ಎಲ್ಲರೂ ತಿಂದರು. ನಾನು ಬೀಗುತ್ತಾ ಓಡಾಡಿದೆ. ಊಟವಾದ ಮೇಲೆ ಗಿರಿಜೆ ಸಿಪ್ಪೆಯನ್ನೆಲ್ಲ ಮೊರದಲ್ಲಿ ಬಳಿದು ತಿಪ್ಪೆಗೆ ಚೆಲ್ಲಿದಳು. ನಾನು ಜಗಲಿಯ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಅದನ್ನು ನೋಡಿದೆ. ಸುಡು ಎಂದು ಒಂದು ಮಾತು ಹೇಳಬೇಕಿತ್ತು. ಹೇಳಿದರೆ ಯಾಕೆ ಎಂದು ಕೇಳುತ್ತಾಳೆ. ಅದಕ್ಕೇ ಸುಮ್ಮನಿದ್ದೆ.

ಐದಾರು ತಿಂಗಳಾಗಿರಬೇಕು. ಬಿಸಿಲು ಶುರುವಾಗಿತ್ತು. ಗಿರಿಜೆ ಫೋನು ಮಾಡಿದಳು. ಮನೆಯ ಸುದ್ದಿಯೆಲ್ಲ ಹೇಳಿ ಕೊನೆಗೆ, "ಅಣ್ಣ, ಬೇಲಿ ದಾಸವಾಳಕ್ಕೆ ಹತ್ತಿ ಅಂಟ್ಕಂಡಂಗೆ ಏನೋ ಬಂದೈತೆ. ತಿಪ್ಪೆ ತಾವ ಕಾಂಗ್ರೆಸ್ ಗಿಡಕ್ಕೂ ಐತೆ. ಏನಣ್ಣ ಅದು?" ಎಂದಳು.

ನಾನು ಕಚೇರಿಯ ಮೆಟ್ಟಿಲ ಮೇಲೆ ನಿಂತಿದ್ದೆ. ಅಲ್ಲಿಯೇ ಕುಳಿತೆ. "ಬೂಷ್ಟು ಇರ್ಬೇಕು, ಸೋಪಿನ ನೀರು ಹೊಡಿ" ಎಂದೆ. ಆ ದಿನದಿಂದ ಶುರುವಾದ ಭಯ ಇದು, ಸಿದ್ದಮ್ಮಕ್ಕ. ಊಟದಲ್ಲಿ, ನಿದ್ದೆಯಲ್ಲಿ, ದೇವರ ಮುಂದೆ ಕಣ್ಣು ಮುಚ್ಚಿದರೆ ಅಲ್ಲಿ — ನಡೆಯುವ ಆ ಹಿಟ್ಟು.

ರಜೆ ಹಾಕಿ ಬರುವುದಕ್ಕೆ ಹದಿನೈದು ದಿನ ತಡ ಮಾಡಿದೆ. ಬಂದಾಗ ಬೇಲಿ ಬೆಳ್ಳಗಾಗಿತ್ತು. ಕಾಂಡದ ಮೇಲೆ ಕೆಂಪಿರುವೆಗಳು ಸಾಲುಗಟ್ಟಿ ಹತ್ತುತ್ತಿದ್ದವು, ಇಳಿಯುತ್ತಿದ್ದವು. ತಿಗಣೆ ಒಸರುವ ಸಿಹಿಗಾಗಿ ಇರುವೆಗಳು ಅದನ್ನು ಹೊತ್ತುಕೊಂಡು ಗಿಡದಿಂದ ಗಿಡಕ್ಕೆ ಸಾಗಿಸುತ್ತವೆ ಎಂದು ನನಗೆ ಗೊತ್ತಿತ್ತು. ಬೇಲಿಯ ಆಚೆ ನೀವು ಮಡಿಯಲ್ಲಿ ಕುಕ್ಕರುಗಾಲಲ್ಲಿ ಕೂತು ಸಸಿಯ ಕುಡಿ ಹಿಡಿದು ನೋಡುತ್ತಿದ್ದಿರಿ. ನನ್ನನ್ನು ಕಂಡು ಮುಖ ಅರಳಿತು.

"ಬಾ ಮಗ, ಒಳ್ಳೆ ಹೊತ್ತಿಗ್ ಬಂದೆ. ಸಸಿ ತಲೆ ಮುದುರ್ಕತಾ ಐತೆ ನೋಡು. ಏನಿರ್ಬೈದು?"

ಮೂರನೆಯ ಸಾಲಿನವರೆಗೆ ಬಂದಿತ್ತು. ಅಷ್ಟೇ. ಮೂರು ಸಾಲು. ಆಗಲೇ ಕಿತ್ತು ಸುಟ್ಟಿದ್ದರೆ, ಬೇಲಿಯನ್ನೂ ತಿಪ್ಪೆಯನ್ನೂ ಸುಟ್ಟು, ಇಲಾಖೆಗೆ ಫೋನು ಮಾಡಿದ್ದರೆ — ಕಣ್ಣೆದುರು ಇದ್ದ ಕೆಲಸ. ಆದರೆ ಇಲಾಖೆಯವರು ಬಂದರೆ ಎಲ್ಲಿಂದ ಬಂತು ಎಂದು ಕೇಳುತ್ತಾರೆ. ಹಣ್ಣಿನ ತಟ್ಟೆಯ ಮಾತು ಬರುತ್ತದೆ. ಸುಟ್ಟಿದ್ದೇವೆ ಎಂದು ನಾನು ರುಜು ಹಾಕಿದ ಪುಸ್ತಕ ತೆಗೆಯುತ್ತಾರೆ. ಕೆಲಸ ಹೋಗುತ್ತದೆ, ಬಹುಶಃ ಜೈಲು... ಇಷ್ಟೂ ನನ್ನ ತಲೆಯಲ್ಲಿ ಒಂದೇ ಉಸಿರಿಗೆ ಓಡಿತು.

"ಬಿಸ್ಲಿಗೆ ಅಂಗಾಗಿರ್ಬೈದು ಅಕ್ಕ" ಎಂದೆ.

ನೀವು ಹೌದೇನೋ ಎಂದಿರಿ. ಹಟ್ಟಿಯ ಮುಂದೆ ಕನಕಪುರದ ಟೆಂಪೋ ನಿಂತಿತ್ತು. ಆಳುಗಳು ಸಸಿಯ ಕಟ್ಟುಗಳನ್ನು ತುಂಬುತ್ತಿದ್ದರು. ಒಂದು ಕಟ್ಟಿನ ಕುಡಿಗಳಲ್ಲಿ ಬಿಳಿ ಚುಕ್ಕೆ ಇದ್ದುದನ್ನು ನಾನು ನೋಡಿದೆ. ಟೆಂಪೋ ಹೊರಟಿತು, ದೂಳೆಬ್ಬಿಸುತ್ತಾ ತಿರುವಿನಲ್ಲಿ ಮರೆಯಾಯಿತು. ಪ್ರಪಂಚದ ಯಾವ ಬಂದರಿನಲ್ಲೂ ನಾನು ಅಂಥ ಮಾಲನ್ನು ಬಿಡುತ್ತಿರಲಿಲ್ಲ. ನಮ್ಮೂರಿನಲ್ಲಿ ಬಿಟ್ಟೆ.

ಅವತ್ತೇ ಮಧ್ಯಾಹ್ನ ಗಿರಿಜೆಯ ದಾಸವಾಳದ ಬೇಲಿಯನ್ನು ಬುಡಸಮೇತ ಕಿತ್ತೆ. ನನ್ನ ಕೈಯಾರೆ ಸುಟ್ಟೆ. ಗುರುತು ಅಳಿಸುವುದಕ್ಕೆ ಮಾಡಿದ ಕೆಲಸ ಅದು, ರೋಗ ತಡೆಯುವುದಕ್ಕಲ್ಲ. ಗಿರಿಜೆ ಹಿಂದೆ ನಿಂತಿದ್ದಳು. ಮೆಲ್ಲಗೆ, "ಅಣ್ಣ, ಆ ಹಣ್ಣಿನ್ ಸಿಪ್ಪೆಯಿಂದ ಏನಾರ..." ಎಂದಳು. ಅವಳಿನ್ನೂ ಪೂರ್ತಿ ಕೇಳಿರಲೂ ಇಲ್ಲ. ನಾನು ಅವಳ ಮೇಲೆ ಎಗರಿಬಿದ್ದೆ. ಓದದವರಿಗೆ ಇದೆಲ್ಲ ಏನು ಗೊತ್ತಾಗುತ್ತದೆ, ಇನ್ನೊಂದು ಸಲ ಆ ಮಾತು ಬಾಯಿಂದ ಬಂದರೆ ನಿನ್ನ ಮನೆ ಹೊಸಲು ತುಳಿಯುವುದಿಲ್ಲ ಎಂದೆ. ಹುಟ್ಟಿದಾಗಿನಿಂದ ನಾನು ಅವಳಿಗೆ ಹಾಗೆ ಗದರಿರಲಿಲ್ಲ. ಅವಳು ಮತ್ತೆ ಆ ಮಾತು ಎತ್ತಲಿಲ್ಲ. ಆದರೆ ಅವಳು ನನ್ನನ್ನು ನೋಡುವ ರೀತಿ ಬದಲಾಯಿತು. ತಂಗಿಯ ಕಣ್ಣಿಗೇ ಹೆದರಿಕೊಂಡು ಬದುಕಿದೆ.

ಆಮೇಲಿನದು ಊರಿಗೆಲ್ಲ ಗೊತ್ತು. ಮುಂಗಾರು ಹತ್ತುವಷ್ಟರಲ್ಲಿ ತೋಟ ತೋಟಗಳು ಸುಣ್ಣ ಚಿಮುಕಿಸಿದಂತಾದವು. ಕುಡಿ ಮುದುಡಿ, ಎಲೆ ಜಿಗುಟಾಗಿ ಕಪ್ಪಾಯಿತು. ಬೇರೆ ಬೆಳೆಯಾದರೆ ಔಷಧಿ ಹೊಡೆದು ಕೈ ತೊಳೆದುಕೊಳ್ಳಬಹುದು. ಹಿಪ್ಪುನೇರಳೆಗೆ ಹೊಡೆದರೆ ಎಲೆ ತಿನ್ನುವ ರೇಷ್ಮೆ ಹುಳುವೇ ಸಾಯುತ್ತದೆ. ಗೊತ್ತಿದ್ದೂ ಕೆಲವರು ಹೊಡೆದರು — ಮನೆಯಲ್ಲಿ ಹುಳು ನಾಲ್ಕನೇ ಜ್ವರ ಎದ್ದು ಹಸಿದು ಕೂತಿರುವಾಗ ಇನ್ನೇನು ಮಾಡಿಯಾರು? ನಾಲ್ಕನೆಯ ಸಲ ಪೊರೆ ಬಿಟ್ಟ ಮೇಲೆ ಹುಳು ತಿನ್ನುವ ತಿನಿಸು ನೋಡಿದವರಿಗೇ ಗೊತ್ತು, ಮಳೆ ಸುರಿದ ಸದ್ದು ಬರುತ್ತದೆ. ಚನ್ನೀರಪ್ಪನವರ ಮನೆಗೆ ನಾನು ಹೋದಾಗ ಆ ಸದ್ದು ಇರಲಿಲ್ಲ. ಅಷ್ಟು ದೊಡ್ಡ ಮನೆ, ತಟ್ಟೆಯ ಮೇಲೆ ತಟ್ಟೆ, ಎಲ್ಲದರಲ್ಲೂ ಹುಳುಗಳು ಹಸಿರು ಕಕ್ಕಿಕೊಂಡು ಬಾಗಿ ಬಿದ್ದಿದ್ದವು. ಅವರ ಸೊಸೆ ಮೂಲೆಯಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ನಾನು ಆ ಮನೆಯಿಂದ ಓಡಿಬಂದೆ ಎಂದೇ ಹೇಳಬೇಕು.

ಎಲ್ಲರ ತೋಟ ಒಂದೇ ಸಲ ಹೋಗಲಿಲ್ಲ. ಮೊದಲು ಹೋದದ್ದು ನಿಮ್ಮ ಸಸಿ ಹಾಕಿದವರದು. ಅದನ್ನು ಜನ ಲೆಕ್ಕ ಹಾಕಿದರು. ಅದರ ಹಿಂದಿನ ವರ್ಷ ನೀವು ಗಡಿಯಾಚೆಯಿಂದ ಹೊಸ ತಳಿಯ ಕಡ್ಡಿ ತಂದಿದ್ದೂ ನೆನಪಾಯಿತು. ಒಂದು ಬೆಳಗ್ಗೆ ಹಾಲಿನ ಡೇರಿಯ ಮುಂದೆ ಎಲ್ಲರೂ ಸೇರಿದರು. ಕೈಕೈಯಲ್ಲಿ ಬಿಳಿ ಹಿಡಿದ ಕೊಂಬೆ. ನಾನು ಊರಿನಲ್ಲೇ ಇದ್ದೆ. ಯಾಕಿದ್ದೆ ಎಂದು ಕೇಳಬೇಡಿ — ದೂರವಿದ್ದರೆ ಏನಾಗುತ್ತಿದೆಯೋ ಎಂಬ ಭಯ, ಹತ್ತಿರವಿದ್ದರೆ ಸಿಕ್ಕಿಬೀಳುವ ಭಯ.

ನೀವು ಡೇರಿಯ ಮೆಟ್ಟಿಲ ಪಕ್ಕ ಒಬ್ಬರೇ ನಿಂತಿದ್ದಿರಿ.

"ಹೊಸ ಕಡ್ಡಿ ತಂದಿದ್ದು ನಿಜ" ಎಂದಿರಿ. "ಒಂದೊಂದ್ ಕಡ್ಡೀನೂ ತಿರುವಿ ಮುರುವಿ ನೋಡೇ ನೆಟ್ಟಿವ್ನಿ. ಇಂತದ್ದು ಇರ್ನಿಲ್ಲ. ನನ್ ಕುರಿ ಆಣೆಗೂ ಇರ್ನಿಲ್ಲ."

ಗದ್ದಲವಾಯಿತು. ಚನ್ನೀರಪ್ಪನವರು ಕೈಯೆತ್ತಿ ಸುಮ್ಮನಿರಿಸಿ ನನ್ನ ಕಡೆ ತಿರುಗಿದರು. "ನೀನೇ ಹೇಳಪ್ಪ. ಇಂತದ್ದೇ ಅಲ್ವಾ ನಿನ್ ಕೆಲ್ಸ? ನೀನ್ ಹೇಳಿದ್ಮೇಲೆ ಮುಗೀತು."

ನೀವೂ ನನ್ನ ಕಡೆ ನೋಡಿದಿರಿ. ನಿಮಗೆ ಆಗ ಧೈರ್ಯ ಬಂದದ್ದು ನನಗೆ ಕಂಡಿತು. ಬೇಲಿಯಾಚೆಯ ಹುಡುಗ, ಓದಿದವನು, ನನ್ನ ಸಸಿ ನೋಡಿದ್ದಾನೆ, ನಿಜ ಹೇಳುತ್ತಾನೆ. "ಹೇಳು ಮಗ" ಎಂದಿರಿ.

ನಾನು ಜೇಬಿನಿಂದ ಭೂತಗನ್ನಡಿ ತೆಗೆದೆ. ಕೊಂಬೆಯನ್ನು ಹಿಡಿದು ತುಂಬ ಹೊತ್ತು ನೋಡಿದೆ. ನೋಡುವ ಅಗತ್ಯವೇ ಇರಲಿಲ್ಲ.

"ಇದು ನಮ್ ಸೀಮೇದಲ್ಲ" ಎಂದೆ. "ಹೊರಗಿಂದ ತಂದ ಕಡ್ಡೀಲೇ ಬಂದಿರ್ಬೇಕು."

"ನಾನ್ ನೋಡಿದ್ನಲ್ಲ ಮಗ..." ಎಂದಿರಿ.

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ನಿಮ್ಮ ಆ ಮಾತು ಉಳಿದರೆ ಯಾರಾದರೂ ಇನ್ನೊಂದು ದಾರಿ ಹುಡುಕುತ್ತಾರೆ, ಬೇಲಿ ನೆನಪಾಗುತ್ತದೆ, ತಿಪ್ಪೆ ನೆನಪಾಗುತ್ತದೆ. ಆದ್ದರಿಂದ ಮುಂದೆ ಹೇಳಿದೆ: "ಕಣ್ಣಿಗೆ ಕಾಣಾಕಿಲ್ಲ ಅಕ್ಕ. ನೋಡಿವ್ನಿ ಅಂದ್ಕಂಡಿರ್ತೀವಿ. ಕಂಡಿರಾಕಿಲ್ಲ."

ಬೇರೆ ಎಲ್ಲ ಸುಳ್ಳಿಗಿಂತ ನನ್ನನ್ನು ಇವತ್ತಿಗೂ ಕೊರೆಯುವ ಮಾತು ಇದು. ಊರು ನಿಮ್ಮನ್ನು ನಂಬದಂತೆ ಮಾಡಿದ್ದು ಒಂದು. ನಿಮ್ಮ ಕಣ್ಣನ್ನು ನೀವೇ ನಂಬದಂತೆ ಮಾಡಿದೆನಲ್ಲ, ಅದು ಇನ್ನೊಂದು. ಆಗ ನೀವು ನಿಮ್ಮ ಕೈಗಳನ್ನು ಒಂದು ಸಲ ನೋಡಿಕೊಂಡಿರಿ.

ಸಸಿ ಮಡಿಯನ್ನು ಸುಡುವುದೆಂದಾಯಿತು. ಸುಮ್ಮನೆ ಬೆಂಕಿ ಹಚ್ಚಿದರೆ ಸಾಲದು, ಆಳುದ್ದ ಗುಂಡಿ ತೆಗೆಯಿರಿ, ಬೇರುಸಮೇತ ಕಿತ್ತು ಹಾಕಿ, ಬೂದಿಯ ಮೇಲೆ ಸುಣ್ಣ ಹರಡಿ ಮುಚ್ಚಿರಿ ಎಂದು ನಾನೇ ನಿಂತು ಮಾಡಿಸಿದೆ. ಕೆಲಸ ಅಚ್ಚುಕಟ್ಟಾಗಿ ಆಯಿತು. ಬಂದರಿನಲ್ಲಿ ಹನ್ನೆರಡು ಹಣ್ಣಿಗೆ ಮಾಡಬೇಕಾಗಿದ್ದನ್ನು ನಿಮ್ಮ ಹತ್ತು ಗುಂಟೆಗೆ ಮಾಡಿದೆ. ಸಂಜೆ ಮನೆಗೆ ಹೊರಟಾಗ ಜನ ನನಗೆ ಕೈಮುಗಿದರು.

ಅವತ್ತಿನಿಂದ ಅದಕ್ಕೆ ನಿಮ್ಮ ಹೆಸರು. ಸಿದ್ದಮ್ಮನ ಸುಣ್ಣ. ಯಾರು ಮೊದಲು ಅಂದರೋ ಗೊತ್ತಿಲ್ಲ. ತಿಂಗಳೊಳಗೆ ಚನ್ನಪಟ್ಟಣದ ಕಡೆಯವರೂ ಹಾಗೇ ಅನ್ನುತ್ತಿದ್ದರು. "ನಿಮ್ ತೋಟಕ್ ಸಿದ್ದಮ್ಮನ್ ಸುಣ್ಣ ಬಂತಾ?" "ಬಂದ್ಬುಡ್ತು ಕಣ್ಲಾ." ನೀವು ಯಾರು, ಬದುಕಿದ್ದೀರೋ ಇಲ್ಲವೋ ಒಂದೂ ಗೊತ್ತಿಲ್ಲದವರ ಬಾಯಲ್ಲಿ ನಿಮ್ಮ ಹೆಸರು.

ವಿಜ್ಞಾನಿಗಳು ಬಂದರು. ನಕ್ಷೆ ಹರಡಿಕೊಂಡು, ಮೊದಲು ಯಾವ ಗಿಡದಲ್ಲಿ ಕಂಡಿತು ಎಂದು ಮನೆಮನೆಗೂ ಕೇಳಿದರು. ಗಿರಿಜೆಯ ಮನೆಗೆ ಅವರು ಹೋದ ದಿನ ನಾನು ಬಚ್ಚಲಲ್ಲಿ ನಿಂತು ಬಾಗಿಲ ಸಂದಿನಿಂದ ಕೇಳಿಸಿಕೊಂಡೆ. "ಸಿದ್ದಮ್ಮನ್ ಮಡೀಲಿ ಅಂತಾರೆ ಸಾ" ಎಂದಳು ಗಿರಿಜೆ. ಅಂತಾರೆ ಎಂದಳು. ಅಷ್ಟು ಜಾಗ ಬಿಟ್ಟುಕೊಂಡೇ ಸುಳ್ಳು ಹೇಳಿದಳು ನನ್ನ ತಂಗಿ. ನನ್ನಿಂದ ಅವಳಿಗೂ ಆ ಪಾಪ ತಗುಲಿತು.

ಮುಂದೆ ಎರಡು ಮೂರು ವರ್ಷಕ್ಕೆ, ಆ ತಿಗಣೆಯೊಳಗೆ ಮೊಟ್ಟೆಯಿಟ್ಟು ಕೊಲ್ಲುವ ಎಳ್ಳಿನಷ್ಟು ಕಣಜವನ್ನು ಹೊರದೇಶದಿಂದ ತಂದು, ಪರೀಕ್ಷಿಸಿ, ತೋಟಗಳಲ್ಲಿ ಬಿಟ್ಟರು. ತಿಗಣೆ ಹತೋಟಿಗೆ ಬಂತು. ತೋಟಗಳು ಚಿಗುರಿದವು. ಗೂಡಿನ ಮಾರುಕಟ್ಟೆ ಮತ್ತೆ ತುಂಬಿತು. ಎಲ್ಲರೂ ಎದ್ದರು. ನೀವು ಏಳಲಿಲ್ಲ. ನಿಮ್ಮ ಹತ್ತು ಗುಂಟೆಯಲ್ಲಿ ಒಂದು ಕಡ್ಡಿ ನೆಡಲಿಲ್ಲ. ಮನೆಯ ಮುಂದೆ ಕರಿಬೇವು ಹಾಕುವುದಕ್ಕೂ ಪಕ್ಕದವರನ್ನು ಕರೆದಿರಿ ಎಂದು ಗಿರಿಜೆ ಹೇಳಿದಳು. ಯಾರೂ ನಿಮ್ಮನ್ನು ಹುಳುವಿನ ಮನೆಗೆ ಕರೆಯಲಿಲ್ಲ. ನೀವು ಬೀದಿಯಲ್ಲಿ ಬರುತ್ತಿದ್ದರೆ ಬಾಗಿಲು ಮುಂದಕ್ಕೆ ಎಳೆದುಕೊಳ್ಳುತ್ತಿದ್ದುದನ್ನು ನಾನೂ ನೋಡಿದ್ದೇನೆ.

ಊರಮ್ಮನ ಗುಡಿಯಲ್ಲಿ ನೀವು ತಪ್ಪುಕಾಣಿಕೆ ಒಪ್ಪಿಸಿದ ದಿನ ನಾನು ಅಲ್ಲಿದ್ದೆ. ಮಾಗಡಿಯ ಅಕ್ಕಸಾಲಿಗನ ಹತ್ತಿರ ಬೆಳ್ಳಿಯಲ್ಲಿ ಒಂದು ಹಿಪ್ಪುನೇರಳೆ ಎಲೆ ಮಾಡಿಸಿದ್ದಿರಿ. ಅದನ್ನು ಅಮ್ಮನ ಪಾದದಲ್ಲಿಟ್ಟು, ಕಾಣದೆ ಮಾಡಿದೆ ತಾಯಿ, ನನ್ನ ತಪ್ಪು ಹೊಟ್ಟೆಗೆ ಹಾಕಿಕೋ ಎಂದಿರಿ. ಪೂಜಾರಿ ಮಂಗಳಾರತಿ ತಂದ. ನಾನು ಕಣ್ಣಿಗೊತ್ತಿಕೊಂಡೆ. ಅಮ್ಮ ಅಲ್ಲಿಯೇ ನನ್ನ ನಾಲಿಗೆ ಕೀಳುತ್ತಾಳೆಂದು ಹೆದರಿದ್ದೆ. ಏನೂ ಆಗಲಿಲ್ಲ. ಹೊರಗೆ ಬಂದು ಚಪ್ಪಲಿ ಹಾಕಿಕೊಂಡು ಬಸ್ಸು ಹತ್ತಿದೆ. ಏನೂ ಆಗದೇ ಇದ್ದದ್ದೇ ಆಮೇಲೆ ಹೆಚ್ಚು ಭಯ ಹುಟ್ಟಿಸಿತು.

ನಿವೃತ್ತನಾಗಿ ಮಾಗಡಿಗೆ ಬಂದೆ. ಹೋದ ವಾರ ನೀವು ಬೆಳಗಿನ ಬಸ್ಸಿಗೆ ಬಂದಿರಿ, ಅವರೆಕಾಯಿಯ ಚೀಲ ಹಿಡಿದುಕೊಂಡು. ಜಗಲಿಯ ಮೇಲೆ ಕೂತು ಸುಧಾರಿಸಿಕೊಂಡು, "ಕಣ್ ಆಪ್ರೇಸನ್ ಆಯ್ತು ಮಗ" ಎಂದಿರಿ. "ಈಗ ಅಗೋ ಆ ಎದುರ್ ಮನೆ ಹೆಂಚೂ ಎಣಿಸ್ಬೋದು. ಆವಾಗ್ಲೇ ಮಾಡಿಸ್ಕಂಡಿದ್ರೆ ಆ ಹುಳನೂ ಕಾಣ್ತಿತ್ತೋ ಏನೋ."

ಆಗ ಹೇಳಬೇಕಿತ್ತು. ಬಾಯಿ ತೆರೆದೆ. ನೀವು ಮುಂದುವರಿಸಿದಿರಿ.

"ಒಂದ್ ಕಾಗ್ದ ಬರ್ಕೊಡಪ್ಪ. ಊರ್ನೋರ್ ತಾವ ಒಂದ್ಸಲ ತಪ್ಪಾಯ್ತು ಅಂತ ಹೇಳ್ಕಂಬುಡ್ತೀನಿ. ಬಾಯಲ್ ಹೇಳಾಕೆ ಹೋದ್ರೆ ಅಳು ಬತ್ತದೆ. ನೀನ್ ಬರ್ದು ಡೇರಿ ಮುಂದೆ ಓದ್ಬುಡು. ಸಿದ್ದಮ್ಮ ನೋಡ್ದೆ ತಂದ್ಳು, ಬೇಕಂತ ಮಾಡ್ನಿಲ್ಲ, ಆ ಹುಳಕ್ಕೆ ನನ್ ಹೆಸ್ರು ಹಿಡ್ದು ಕರೀಬ್ಯಾಡಿ ಅಂತ. ನಾನ್ ಸತ್ ಮ್ಯಾಕೂ ಅಂಗೇ ಕರೀತಾರಲ್ಲ, ಅದೊಂದೇ ನಂಗೆ."

ಬಿಳಿ ಹಾಳೆ ಕೇಳಿದಿರಿ. ನನ್ನ ಮೇಜಿನ ಮೇಲಿದ್ದ ಇಂಕಿನ ಪ್ಯಾಡಿಗೆ ಹೆಬ್ಬೆಟ್ಟು ಒತ್ತಿ, ಹಾಳೆಯ ಕೆಳಗಡೆ ಗುರುತು ಹಾಕಿದಿರಿ. "ಇನ್ನೊಂದ್ಕಿತ ಬಸ್ಸತ್ತಿ ಬರಾಕಾಗಕಿಲ್ಲ. ಮ್ಯಾಲ್ಗಡೆ ನೀನೇ ಬರ್ಕೊ. ನಿಂಗ್ ಗೊತ್ತಲ್ಲ ಎಲ್ಲಾ."

ಆರು ದಿನ ಆ ಹಾಳೆ ನನ್ನ ಎದುರಿಗಿತ್ತು. ಒಳಗೆ ಏನೇನು ಓಡಿತು ಎಂಬುದನ್ನೂ ಹೇಳಿಬಿಡುತ್ತೇನೆ, ಮುಚ್ಚಿಡುವುದಿಲ್ಲ. ನೀವು ಹೇಳಿದಂತೆಯೇ ನಾಲ್ಕು ಸಾಲು ಬರೆದರೆ ನಾನು ಪಾರಾದಂತೆ. ನೀವೇ ಒಪ್ಪಿಕೊಂಡ ಕಾಗದ, ನಿಮ್ಮದೇ ಹೆಬ್ಬೆಟ್ಟು. ಇನ್ನು ಯಾವ ಬಾಗಿಲು ಯಾರು ತಟ್ಟಿದರೂ ಹೆದರಬೇಕಾಗಿಲ್ಲ. ಊರಿನವರೂ ಒಳ್ಳೆಯವರೇ, ನಿಮ್ಮನ್ನು ಕ್ಷಮಿಸುತ್ತಿದ್ದರು. ಎರಡನೆಯ ದಿನ ನಾನು ಒಂದು ಬೇರೆ ಕಾಗದದಲ್ಲಿ ಆ ನಾಲ್ಕು ಸಾಲು ಬರೆದೂ ನೋಡಿದೆ. ಅಕ್ಷರ ಮುದ್ದಾಗಿ ಬಂದಿತ್ತು. ಅದನ್ನು ಹರಿದು ಒಲೆಗೆ ಹಾಕಿದ್ದು ನಾಲ್ಕನೆಯ ದಿನ. ಎರಡು ದಿನ ಇಟ್ಟುಕೊಂಡಿದ್ದೆ, ಸಿದ್ದಮ್ಮಕ್ಕ.

ನನಗೆ ಈಗಲೂ ಭಯವೇ. ಪಿಂಚಣಿ ನಿಲ್ಲಬಹುದು, ಕೇಸು ಆಗಬಹುದು. ಚನ್ನೀರಪ್ಪನವರ ಸೊಸೆ ನನ್ನ ಮುಖದ ಮೇಲೆ ಉಗಿಯಬಹುದು. ಗಿರಿಜೆಯ ಮಗಳಿಗೆ ತನ್ನ ಒಸಗೆಯ ತಟ್ಟೆಯ ಕಥೆ ಗೊತ್ತಾಗುತ್ತದೆ, ಅದಕ್ಕೆ ಏನು ಹೇಳಲಿ ಎಂದು ಇನ್ನೂ ತಿಳಿದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ನಿಮ್ಮ ಕಣ್ಣಿನ ಭಯ. ಆಪರೇಷನ್ ಆದ ಆ ಕಣ್ಣುಗಳಿಂದ ನೀವು ನನ್ನನ್ನು ನೋಡುತ್ತೀರಿ. ಕ್ಷಮಿಸಿ ಎಂದು ನಾನು ಕೇಳುತ್ತಿಲ್ಲ. ಕ್ಷಮಿಸಬೇಡಿ ಎಂದು ಹೇಳುವ ಠೀವಿಯೂ ನನಗಿಲ್ಲ. ನೀವು ಅಂದು ನೋಡಿದ್ದು ಸರಿಯಾಗಿತ್ತು. ನಿಮ್ಮ ಕಡ್ಡಿಗಳಲ್ಲಿ ಏನೂ ಇರಲಿಲ್ಲ. ನಿಮ್ಮ ಕಣ್ಣು ಚೆನ್ನಾಗಿತ್ತು, ಕೈ ಚೆನ್ನಾಗಿತ್ತು.

ನಾಳೆ ಬೆಳಗ್ಗೆ ಹಾಲು ಹಾಕುವ ಹೊತ್ತಿಗೆ ಡೇರಿಯ ಮುಂದೆ ಇರುತ್ತೇನೆ. ನೀವು ಕೇಳಿಕೊಂಡಂತೆ ತಪ್ಪಾಯ್ತು ಎಂಬ ಕಾಗದ ಓದುತ್ತೇನೆ. ಅದು ಇದೇ, ಕೆಳಗೆ ನನ್ನ ರುಜು ಇದೆ. ನಿಮ್ಮ ಹೆಬ್ಬೆಟ್ಟಿನ ಹಾಳೆಯನ್ನೂ ತರುತ್ತೇನೆ. ಅದರ ಮೇಲೆ ಏನೂ ಬರೆದಿಲ್ಲ. ಎಲ್ಲರೆದುರು ನಿಮ್ಮ ಕೈಗೆ ವಾಪಸು ಕೊಡುತ್ತೇನೆ.